ಅವಳು ಒಗೆದ ಬಿಳಿ

ಮಾರ್ಚ್ ೪, ಸೋಮವಾರ

ಇವತ್ತೂ ಆಗಲಿಲ್ಲ. ಅವಳ ಪ್ರಿಂಟು ಮತ್ತೆ ಹಳದಿಯಾಗಿ ಬಂತು. ಹರಿದು ಬುಟ್ಟಿಗೆ ಹಾಕಿದೆ. ಹರಿಯುವಾಗ ಮುಖದ ಮೇಲೆ ಸೀಳು ಹೋಗದ ಹಾಗೆ ಅಂಚಿನಿಂದ ಹರಿದೆ, ಅಷ್ಟೆ.

ಮಾನಿಟರಿನಲ್ಲಿ ಎಷ್ಟು ಚೆನ್ನಾಗಿದ್ದಾಳೆ. ಲ್ಯಾಬು ಹೊಸ ಕಟ್ಟಡಕ್ಕೆ ಬಂದ ದಿನ ಯಜಮಾನ ತೆಗೆದ ಫೋಟೋ ಅದು. ಇಬ್ಬರೂ ಬಾಗಿಲಲ್ಲಿ ನಿಂತಿದ್ದೀವಿ. ಅವಳ ಹೆಗಲ ಮೇಲೆ ಇಟ್ಟಿಗೆ ಬಣ್ಣದ ಶಾಲು, ಪಕ್ಕದಲ್ಲಿ ನಾನು ಬಿಳಿ ಶರ್ಟು ಹಾಕ್ಕೊಂಡು, ಮುಖ ಗಂಟಿಕ್ಕಿಕೊಂಡು. ಜೀವಮಾನವೆಲ್ಲ ಕಂಡವರ ಮದುವೆ ಫೋಟೋ ಪ್ರಿಂಟ್ ಹಾಕಿದವನಿಗೆ ತನ್ನ ಹೆಂಡತಿ ಜೊತೆಗಿರೋ ನೆಟ್ಟಗಿನ ಫೋಟೋ ಅಂತ ಇರೋದು ಇದೊಂದೇ. ಅದನ್ನೇ ಪ್ರಿಂಟ್ ಹಾಕಿ ಬೂತಿನಲ್ಲಿಟ್ಟರೆ ಯಾರೋ ಮೇಲೆ ಚಹಾ ಚೆಲ್ಲಿದ ಹಾಗಿದೆ.

ತಪ್ಪು ಬೂತಿನದು. ಹೇಳಿ ಹೇಳಿ ನನ್ನ ಬಾಯಿ ಒಣಗಿತು. ಪ್ರಿಂಟನ್ನ ಎಲ್ಲೆಂದರಲ್ಲಿ ಹಿಡಿದು ನೋಡೋ ಹಾಗಿಲ್ಲ, ಅದಕ್ಕೇ ಅಂತ ಒಂದು ಗೂಡು ಬೇಕು, ಮೂರು ಗೋಡೆಗೂ ಬೂದು ಬಣ್ಣ, ಮೇಲಿಂದ ಹಗಲಿನಂಥ ಬೆಳಕು, ಪಕ್ಕದಲ್ಲೇ ಮಾನಿಟರು. ಅಲ್ಲಿ ಕಂಡದ್ದೇ ಇಲ್ಲೂ ಕಾಣಬೇಕು. ಕಾಣಲಿಲ್ಲ ಅಂದರೆ ದೀಪ ಕೆಟ್ಟಿದೆ ಅಂತ ಅರ್ಥ. ಟ್ಯೂಬಿಗೂ ಮುಪ್ಪು ಬರುತ್ತೆ, ಮುದಿ ಟ್ಯೂಬು ಹಳದಿ ಕಾರುತ್ತೆ. ಯಜಮಾನನಿಗೆ ಅದನ್ನ ಹೇಳಿದರೆ ಹಲ್ಲು ಬಿಡ್ತಾನೆ. ಆ ಹಲ್ಲುಗಳೂ ಹಳದಿ. ಈಚೆಗೆ ಆ ಮನುಷ್ಯನ ಮುಖ ನೋಡೋಕೇ ವಾಕರಿಕೆ.

ಮನೆಗೆ ಬಂದರೆ ನಡುಮನೆ ಗೋಡೆ ಮೇಲೆ ಮೊಳೆ ಹಾಗೇ ಇದೆ. ಅವಳು ತೀರಿಕೊಂಡ ವಾರವೇ ತಂಗಿ ಹೊಡೆಸಿದ ಮೊಳೆ. ಪ್ರಿಂಟ್ ಮೇಷ್ಟ್ರ ಹೆಂಡತಿ ತಪ್ಪು ಬಣ್ಣದಲ್ಲಿ ಗೋಡೆ ಏರಬಾರದು. ಅಷ್ಟಂತೂ ನಾನು ಮಾಡಲೇಬೇಕು.

ಮಾರ್ಚ್ ೬, ಬುಧವಾರ

ಹೊಸ ಟ್ಯೂಬು ಬಂತು. ನಾನೇ ಕುರ್ಚಿ ಹತ್ತಿ ಹಾಕಿದೆ. ಹೊಸ ಟ್ಯೂಬು ಉರಿದು ಹದಕ್ಕೆ ಬರೋವರೆಗೂ ಯಾರೂ ಪ್ರಿಂಟು ತರಬೇಡಿ ಅಂತ ಹೇಳಿ ಬಾಗಿಲು ಹಾಕಿಕೊಂಡು ಕೂತೆ. ಒಳ್ಳೇ ದಿನ ಅಂತ ಅವಳು ಒಗೆದಿಟ್ಟಿದ್ದ ಶರ್ಟಲ್ಲಿ ಒಂದನ್ನ ತೆಗೆದು ಹಾಕ್ಕೊಂಡು ಹೋಗಿದ್ದೆ.

ಆಮೇಲೆ ನೋಡಿದರೆ ಅದೇ ರಾಗ. ಪ್ರಿಂಟು ಹಳದಿ, ಮಾನಿಟರು ಸರಿ. ಟ್ಯೂಬು ಮಾಡೋನೂ ಕಳ್ಳ, ಮಾರೋನೂ ಕಳ್ಳ. ಇಲ್ಲಾಂದ್ರೆ ಪೇಪರು ಕಳಪೆ ಇರಬೇಕು. ಏನನ್ನ ಮುಟ್ಟಿದರೂ ಮೋಸ.

ಆ ಹೊತ್ತಿಗೆ ಯಜಮಾನನ ಸೊಸೆ ಬಂದಳು. ಎರಡು ವರ್ಷದಿಂದ ಲೆಕ್ಕಪತ್ರ, ಗಿರಾಕಿಗಳನ್ನ ನೋಡಿಕೊಳ್ಳೋದು ಅವಳೇ. ಈಗ ಬಣ್ಣದ ವಿದ್ಯೆನೂ ಕಲಿತು ಬಂದಿದ್ದಾಳಂತೆ, ಕೈಯಲ್ಲೊಂದು ಮೀಟರು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಾರೆ. ಈ ಲ್ಯಾಬಲ್ಲಿ ಅತ್ತೆಯೇ ಇಲ್ಲ, ಎಲ್ಲ ಕಾಲವೂ ಸೊಸೆಯದೇ. ಮೈಮೇಲೆ ಕಣ್ಣಿಗೆ ಹೊಡೆಯೋ ಹಳದಿ ಬಟ್ಟೆ.

"ಏನಮ್ಮ, ಬಾಗಿಲ ಮೇಲೆ ಬರೆದಿರೋದು ಓದೋಕೆ ಬರುತ್ತಲ್ಲ? ಬಣ್ಣದ ಬಟ್ಟೆ ಹಾಕ್ಕೊಂಡು ಈ ಕೋಣೆಗೆ ಬರಬಾರದು. ಬಟ್ಟೆ ಬಣ್ಣ ಹಾರಿ ಪ್ರಿಂಟಿನ ಮೇಲೆ ಬೀಳುತ್ತೆ. ನೋಡು, ನಾನು ಒಂದು ದಿನವಾದರೂ ಬಿಳಿ ಬಿಟ್ಟು ಬೇರೆ ಹಾಕಿದ್ದು ಕಂಡಿದ್ದೀಯಾ?"

ಅವಳು ನನ್ನ ಶರ್ಟನ್ನ ಕಾಲರಿಂದ ಕೆಳಗಿನವರೆಗೂ ನಿಧಾನಕ್ಕೆ ನೋಡಿದಳು. "ಸರಿ ಮೇಷ್ಟ್ರೇ" ಅಂದು ಬಾಗಿಲ ಪಕ್ಕ ತೂಗುಹಾಕಿರೋ ಬೂದು ಕೋಟು ಹಾಕ್ಕೊಂಡು ಒಳಗೆ ಬಂದಳು. ಬಂದವರಿಗೆಲ್ಲ ಅಂತ ನಾನೇ ಹೊಲಿಸಿಟ್ಟ ಕೋಟು ಅದು. ನನಗೆ ಅದರ ಹಂಗಿಲ್ಲ.

ಮಾರ್ಚ್ ೯, ಶನಿವಾರ

ಹಾಲು ಹಳದಿ. ಸುಣ್ಣ ಬಳಿದ ಗೋಡೆ ಹಳದಿ. ದಿಂಬಿನ ಚೀಲ ಹಳದಿ. ಊರಿಗೂರೇ ಮೈ ತೊಳೆಯೋದು ಬಿಟ್ಟ ಹಾಗಿದೆ. ಹಾಲಿನವನಿಗೆ ಬೈದೆ. ಏನು ಕಲಸ್ತೀಯೋ ಅಂದರೆ, "ಎಲ್ರಿಗೂ ಇದೇ ಹಾಲು ಸ್ವಾಮಿ, ಬೇರೆ ಯಾರೂ ಏನೂ ಅಂದಿಲ್ಲ" ಅಂತಾನೆ. ಬೇರೆಯವರಿಗೆ ಕಣ್ಣಿಲ್ಲ ಅಂದರೆ ನಾನೇನು ಮಾಡಲಿ.

ತಂಗಿಗೆ ಗಂಡ ಇಲ್ಲ, ಒಬ್ಬಳೇ ಇದ್ದಳು. ನನ್ನ ಹೆಂಡತಿ ಹೋದಮೇಲೆ ನನ್ನ ಜೊತೆ ಇರೋಕೆ ಬಂದಿದ್ದಾಳೆ. ಅಡುಗೆ ಅಡ್ಡಿಯಿಲ್ಲ. ಬಟ್ಟೆ ಒಗೆಯೋದು ಮಾತ್ರ ದೇವರಿಗೇ ಪ್ರೀತಿ. ಬುಧವಾರ ಹಾಕಿದ್ದ ಆ ಶರ್ಟನ್ನ ಒಗೆದು ತಂದಿಟ್ಟಳು, ನೋಡಿದರೆ ಅಡುಗೆಮನೆ ಬಟ್ಟೆ ಥರ ಹಳದಿ. ಮೈಯೆಲ್ಲ ಉರಿದುಹೋಯಿತು.

"ಇದು ಬಿಳೀನಾ? ನೀನೇ ಹೇಳು."

"ಬಿಳೀನೇ ಅಣ್ಣ."

"ನಿಮ್ಮ ಅತ್ತಿಗೆ ಒಗೆದದ್ದು ತೋರಿಸ್ಲಾ? ಬಿಳಿ ಅಂದರೆ ಏನು ಅಂತ ನೋಡು." ಬೀರುವಿನ ಕೆಳಗಿನ ಹಲಗೆ ತೋರಿಸಿದೆ. ಅವಳು ಕೊನೇ ಸಲ ಒಗೆದು ಮಡಚಿಟ್ಟ ಶರ್ಟುಗಳು ಅಲ್ಲಿವೆ. ಎಂಥಾ ಬಿಳಿ. ಬದುಕಿದ್ದಾಗ ಅವಳಿಗೆ ಒಂದು ಒಳ್ಳೇ ಮಾತು ಹೇಳಿದವನಲ್ಲ ನಾನು, ಆದರೆ ಬಿಳಿ ಬಟ್ಟೆ ವಿಷಯದಲ್ಲಿ ಅವಳನ್ನ ಮೀರಿಸೋರಿಲ್ಲ.

ತಂಗಿ ಆ ಶರ್ಟುಗಳನ್ನ ನೋಡ್ತಾ ನಿಂತಳು. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದಳು. ನಕ್ಕಳೋ ಅತ್ತಳೋ ಗೊತ್ತಾಗಲಿಲ್ಲ. "ಅವು ಹಾಗೇ ಇರಲಿ ಬಿಡಣ್ಣ. ಇನ್ನು ಹಾಕ್ಕೋಬೇಡ. ನಾನು ಮುಟ್ಟಲ್ಲ" ಅಂದು ಬೀರು ಬಾಗಿಲು ಹಾಕಿದಳು.

ನೋಡಿ ನಾಚಿಕೆ ಆಗಿರಬೇಕು. ಆಗಲಿ.

ಮಾರ್ಚ್ ೧೩, ಬುಧವಾರ

ಹಲ್ಲಿನ ಡಾಕ್ಟರು ಬಂದಿದ್ದ. ವಾರವೆಲ್ಲ ಜನರ ಬಾಯಲ್ಲಿ ಕೈ ಹಾಕೋದು, ರಜೆ ದಿನ ಕೆರೆ ದಂಡೆಯಲ್ಲಿ ಕೂತು ಬೆಳ್ಳಕ್ಕಿ ಫೋಟೋ ತೆಗೆಯೋದು. ಪುರಭವನದಲ್ಲಿ ಪ್ರದರ್ಶನ ಇಟ್ಟುಕೊಂಡಿದ್ದಾನೆ. ಹೋದ ವಾರ ನಾನೇ ಪ್ರಿಂಟ್ ಹಾಕಿಕೊಟ್ಟಿದ್ದೆ. ಎಲ್ಲವನ್ನೂ ವಾಪಸ್ ತಂದು ಮೇಜಿನ ಮೇಲೆ ಹಾಕಿದ.

"ಮೇಷ್ಟ್ರೇ, ನನ್ನ ಬೆಳ್ಳಕ್ಕಿಗಳಿಗೆ ಚಳಿ ಹಿಡಿದಿದೆ. ಎಲ್ಲಾ ನೀಲಿಗಟ್ಟಿವೆ."

"ನಿಮ್ಮ ಮನೆ ಬಲ್ಬು ಸರಿ ಇಲ್ಲ ಡಾಕ್ಟ್ರೇ. ಬಲ್ಬಿನ ಕೆಳಗೆ ನೋಡಿದರೆ ಹಾಗೇ."

"ನಮ್ಮ ಮನೆ ಬಲ್ಬು ಹಳದಿ. ಹಳದಿ ಬಲ್ಬಿನ ಕೆಳಗೂ ನೀಲಿ ಕಾಣುತ್ತೆ ಅಂದ್ರೆ ಇನ್ನೆಷ್ಟು ನೀಲಿ ಇರಬೇಕು ಇದು?"

ಬೂತಿಗೆ ಕರಕೊಂಡು ಹೋದೆ. ಮಾನಿಟರಿನಲ್ಲಿ ಬೆಳ್ಳಕ್ಕಿ, ಪಕ್ಕದಲ್ಲಿ ಪ್ರಿಂಟು. ಎರಡೂ ಅಳತೆ ಮಾಡಿದ ಹಾಗೆ ಒಂದೇ. "ಎರಡೂ ಒಂದೇ ಹೌದು, ಎರಡೂ ನೀಲಿ" ಅಂತಾನೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತಾರೆ. ಈ ಮಹಾಶಯನ ಕಣ್ಣಿಗೆ ಏನು ಬಂದಿದೆಯೋ, ಕಂಡದ್ದೆಲ್ಲ ನೀಲಿ. ಬಾಯಿಬಿಟ್ಟೇ ಅಂದೆ. ಅವನು ನೆಟ್ಟಗೆ ಯಜಮಾನನ ಕೋಣೆಗೆ ಹೋದ.

ನೀಲಿ ಕಂಡುಹಿಡಿಯೋದನ್ನ ನನಗೆ ಹೇಳಿಕೊಡ್ತಾರೆ. ಲ್ಯಾಬಲ್ಲಿ ಹಿಂದಿನಿಂದ ನನ್ನನ್ನ ನೀಲಿ ಮೇಷ್ಟ್ರು ಅಂತ ಕರೆಯೋದು ಸುಮ್ಮನೇನಾ. ಪ್ರಿಂಟಿನಲ್ಲಿ ಕೂದಲೆಳೆಯಷ್ಟು ನೀಲಿ ನುಗ್ಗಿದ್ದರೂ ಹಿಡೀತೀನಿ ಅಂತಲೇ ಆ ಹೆಸರು.

ಮಾರ್ಚ್ ೧೪, ಗುರುವಾರ

ಇಡೀ ದಿನ ಯಾರ ಜೊತೆಗೂ ಮಾತಾಡಲಿಲ್ಲ. ಯಾರೂ ಮಾತಾಡಿಸಲೂ ಇಲ್ಲ. ಹೇಸಿಗೆ ಜನ.

ಮಾರ್ಚ್ ೧೮, ಸೋಮವಾರ

ಇವತ್ತು ಆದದ್ದನ್ನ ಬರೆದಿಡ್ತೀನಿ. ಮುಂದೆ ಯಾವತ್ತಾದರೂ ಇವರ ಮೇಲೆ ಕನಿಕರ ಬಂದರೆ ತೆಗೆದು ಓದಬೇಕು.

ಬೆಳಿಗ್ಗೆ ಬಂದಾಗ ಸೊಸೆ ನನ್ನ ಮಾನಿಟರಿನ ಮೇಲೆ ಮೀಟರು ನೇತುಹಾಕಿದ್ದಳು, ದನದ ಕೊರಳಿಗೆ ಗಂಟೆ ಕಟ್ಟಿದ ಹಾಗೆ. "ಮೇಷ್ಟ್ರೇ, ಇದು ತುಂಬಾ ನೀಲಿಗೆ ಹೋಗಿದೆ. ಯಾರು ಸೆಟ್ ಮಾಡಿದ್ದು?"

"ನಾನೇ. ಕಣ್ಣಿಂದ. ಆ ಮೀಟರು ಹುಟ್ಟೋಕೆ ಮುಂಚಿಂದ ಕಣ್ಣಿಂದಲೇ ಮಾಡಿದ್ದು."

ಅವಳು ಎರಡು ಪ್ರಿಂಟು ತಂದು ಬೂತಿನಲ್ಲಿಟ್ಟಳು. ಚಿತ್ರ ಏನೂ ಇಲ್ಲ, ಬರೀ ಬೂದು ಬಣ್ಣ. ಒಂದನ್ನ ನನ್ನ ಮಾನಿಟರು ನೋಡಿ ಹಾಕಿದ್ದು, ಇನ್ನೊಂದು ಮೀಟರು ಹೇಳಿದ ಹಾಗೆ ಹಾಕಿದ್ದು. ಯಾವುದು ಯಾವುದು ಅಂತ ಹಿಂದೆ ಬರೆದಿದ್ದಳಂತೆ. "ಯಾವುದು ಅಪ್ಪಟ ಬೂದು ಹೇಳಿ."

ಕಣ್ಣಿರೋನನ್ನ ಇದರಲ್ಲಿ ಕೇಳೋದೇನು. ಎಡಗಡೆಯದು ಅಂದೆ. ಬಲಗಡೆಯದು ಮಣ್ಣುಮಣ್ಣು, ಕೊಳೆ.

ಆಮೇಲೆ ಯಜಮಾನನನ್ನ ಕರೆದಳು. ಬಲಗಡೆ ಅಂದ. ಮಷಿನ್ ನಡೆಸೋನು ಬಂದ, ಬಲಗಡೆ. ಡ್ರೈವರು, ಬಲಗಡೆ. ಚಹಾ ಕೊಡೋಕೆ ಬಂದ ಹೆಂಗಸನ್ನೂ ಬಿಡಲಿಲ್ಲ. ಅವಳು ನನ್ನ ಮುಖ ನೋಡಿ, ಟ್ರೇ ಕೆಳಗಿಟ್ಟು, "ಎಡಗಡೇದು ನೀಲಿ ಅಲ್ವಾ ಸಾರ್?" ಅಂತ ನನ್ನನ್ನೇ ಕೇಳಿದಳು. ಸೊಸೆ ಪ್ರಿಂಟು ತಿರುಗಿಸಿ ತೋರಿಸಿದಳು. ಎಡಗಡೆಯದು ನನ್ನದು.

ಎಲ್ಲರೂ ಮಾತಾಡಿಕೊಂಡು ಬಂದಿದ್ದಾರೆ. ಹಸೀ ಸುಳ್ಳು. ಸಂಬಳ ಕೊಡೋ ಕೈ ಯಾವ ಕಡೆ ತೋರಿಸಿದರೆ ಆ ಕಡೆ ಕತ್ತು ಆಡಿಸೋ ಜನ. ಚಹಾ ಕುಡಿಯದೆ ಎದ್ದು ಬಂದೆ. ಬಂದಮೇಲೂ ಬಾಯೆಲ್ಲ ಕಹಿ.

ಮಾರ್ಚ್ ೧೯, ಮಂಗಳವಾರ

ಯಜಮಾನ ಕರೆಸಿದ. ಕೂರಿಸಿದ. ನೀರು ಕೊಟ್ಟ. ನೀರು ಕೊಟ್ಟಾಗಲೇ ಗೊತ್ತಾಯಿತು.

"ನೋಡಿ ಮೇಷ್ಟ್ರೇ, ನಿಮ್ಮ ಕೈಕೆಳಗೆ ಕಲಿತವನು ನಾನು. ಅದಕ್ಕೇ ಹೇಳ್ತೀನಿ. ಒಂದು ಸಲ ಕಣ್ಣು ತೋರಿಸಿಕೊಂಡು ಬನ್ನಿ. ಅಲ್ಲೀವರೆಗೂ ಬೂತ್ ಸೊಸೆ ನೋಡಿಕೊಳ್ಳಲಿ."

"ಇಲ್ಲ ಅಂದರೆ?"

ಅವನು ಮೇಜಿನ ಗಾಜು ಒರೆಸಿದ. "ಇಲ್ಲ ಅಂದರೆ ಕೌಂಟರಿನಲ್ಲಿ ಕೂತ್ಕೊಳ್ಳಿ. ಕವರಿಗೆ ಹೆಸರು ಬರೆಯೋಕೆ ಯಾರೂ ಇಲ್ಲ."

ಕವರಿಗೆ ಹೆಸರು ಬರೆಯೋದು. ಥೂ.

ಮಾರ್ಚ್ ೨೪, ಭಾನುವಾರ

ಬೂತು ಕೈಬಿಡೋ ಮುಂಚೆ ಅವಳ ಪ್ರಿಂಟನ್ನ ಕೊನೇ ಸಲ ಹಾಕಿಬಿಟ್ಟಿದ್ದೆ. ಹಳದಿ ಪೂರ್ತಿ ಹೋಗೋವರೆಗೂ ತಿದ್ದಿದ್ದೆ. ಇದೀಗ ಸರಿಯಾಯಿತು ಅನ್ನಿಸಿತು. ಶರ್ಟು ಹಾಲಿನ ಹಾಗೆ, ಅವಳ ಮುಖ ಸ್ವಚ್ಛ. ಇವತ್ತು ಚೌಕಟ್ಟು ಹಾಕಿಸಿ ತಂದು ಮೊಳೆಗೆ ನೇತುಹಾಕಿದೆ.

ತಂಗಿ ಅಡುಗೆಮನೆಯಿಂದ ಕೈ ಒರೆಸಿಕೊಂಡು ಬಂದಳು. ನೋಡಿದಳು. ಅಲ್ಲೇ ಕೂತುಬಿಟ್ಟಳು.

"ತೆಗಿ ಅಣ್ಣ ಅದನ್ನ."

"ಏನಾಗಿದೆ ಅದಕ್ಕೆ?"

"ಆಸ್ಪತ್ರೆಯಿಂದ ಕೊನೇ ದಿನ ಹೊರಗೆ ತಂದಾಗ ಅತ್ತಿಗೆ ಹೀಗೇ ಇದ್ರು. ತುಟಿಯೆಲ್ಲ ನೀಲಿ. ಇದು ಗೋಡೆ ಮೇಲಿದ್ರೆ ನಾನು ಈ ಮನೇಲಿ ತುತ್ತು ಬಾಯಿಗಿಡಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ನಿನಗೆ ಬಣ್ಣದ ಗಂಧಗಾಳಿ ಇಲ್ಲ ಅಂದೆ. ಬಟ್ಟೆ ಬೆಳ್ಳಗೆ ಒಗೆಯೋಕೆ ಬರದವಳು ಪ್ರಿಂಟಿಗೆ ಹೆಸರಿಡೋಕೆ ಬರಬೇಡ ಅಂದೆ. ಅವಳು ಎದ್ದು ನಿಂತು ಹೇಳಿದಳು, "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ. ಟ್ಯೂಬು ಕೆಟ್ಟದ್ದು, ಪೇಪರು ಕೆಟ್ಟದ್ದು, ಹಾಲು ಕೆಟ್ಟದ್ದು, ನಾನು ಕೆಟ್ಟವಳು. ನಿನ್ನದೊಂದು ಕಣ್ಣು ಬಿಟ್ಟು ಲೋಕದಲ್ಲಿ ಎಲ್ಲ ಕೆಟ್ಟಿದೆ. ಅತ್ತಿಗೆನೂ ಹೇಳಿ ಹೇಳಿ ಸಾಕಾದ್ರು, ಕಣ್ಣು ತೋರಿಸ್ಕೋ ಅಂತ."

ಅವಳು ಹೇಳಿದ್ದಳಾ. ಹೇಳಿರಬಹುದು. ಹೆಂಗಸರು ನೂರು ಹೇಳ್ತಾರೆ.

ಫೋಟೋ ಕೆಳಗಿಳಿಸಿ ಗೋಡೆಗೆ ಮುಖ ಮಾಡಿ ಒರಗಿಸಿದ್ದೀನಿ. ಕಣ್ಣಿನ ಡಾಕ್ಟರ ಹತ್ತಿರ ಹೋಗ್ತೀನಿ. ನನ್ನ ಕಣ್ಣು ನೆಟ್ಟಗಿದೆ ಅಂತ ಬರೆಸಿಕೊಂಡು ಬಂದು ಇವರೆಲ್ಲರ ಮುಖದ ಮೇಲೆ ಎಸೀಬೇಕು.

ಏಪ್ರಿಲ್ ೨, ಮಂಗಳವಾರ

ಎರಡೂ ಕಣ್ಣಿಗೆ ಪೊರೆ ಬಂದಿದೆಯಂತೆ.

ನಾನು ನಂಬಲಿಲ್ಲ. ಸೂಜಿಗೆ ದಾರ ಪೋಣಿಸ್ತೀನಿ ಅಂದೆ. ಕಣ್ಣಿನ ಡಾಕ್ಟರು ತಾಳ್ಮೆಯ ಹೆಂಗಸು. "ಮಸುಕು ಕಮ್ಮಿ ಇದೆ ಅದಕ್ಕೆ. ಆದರೆ ಕಣ್ಣೊಳಗಿನ ಮಸೂರ ಹಳದಿಯಾಗಿದೆ. ಹಳೇ ಕಿಟಕಿ ಗಾಜಿನ ಹಾಗೆ ಅಂದುಕೊಳ್ಳಿ. ನಿಮಗೆ ಎಲ್ಲಾ ಸ್ವಲ್ಪ ಹಳದಿ ಕಾಣುತ್ತೆ, ನೀಲಿ ಕಮ್ಮಿ ಕಾಣುತ್ತೆ" ಅಂದರು.

"ಎಷ್ಟು ದಿನದಿಂದ?"

"ಹೇಳೋಕಾಗಲ್ಲ. ವರ್ಷಗಟ್ಟಲೆ ನಿಧಾನಕ್ಕೆ ಬರುತ್ತೆ. ಅದಕ್ಕೇ ಗೊತ್ತಾಗಲ್ಲ. ನೀವೇನು ಕೆಲಸ ಮಾಡ್ತೀರಿ?"

ಹೇಳಲಿಲ್ಲ. ಫೋಟೋ ಅಂಗಡಿ ಅಂದೆ.

ಹೊರಗೆ ಬೆಂಚಿನ ಮೇಲೆ ಹಸಿರು ಪಟ್ಟಿ ಕಟ್ಟಿಕೊಂಡ ಮುದುಕರ ಸಾಲು. ಮೂಗು ಒರೆಸಿಕೊಂಡು, ಕೆಮ್ಮಿಕೊಂಡು. ಔಷಧಿ ವಾಸನೆ, ಬೆವರು ವಾಸನೆ. ಅವರ ನಡುವೆ ನನ್ನನ್ನೂ ಕೂರಿಸಿದರು. ಪಕ್ಕದವನು "ನಿಮ್ಮದು ಬಲವೋ ಎಡವೋ" ಅಂತ ಕೇಳಿದ, ಬಸ್ಸಿನಲ್ಲಿ ಊರು ಕೇಳೋ ಹಾಗೆ.

ಶುಕ್ರವಾರ ಬಲಗಣ್ಣು.

ಏಪ್ರಿಲ್ ೫, ಶುಕ್ರವಾರ

ಆಯಿತು. ಒಂದೇ ಕಣ್ಣಿಂದ ಬರೀತಿದ್ದೀನಿ. ಸಾಲು ಓರೆಯಾಗ್ತಿದೆ. ಸಾಕು.

ಏಪ್ರಿಲ್ ೭, ಭಾನುವಾರ

ನಿನ್ನೆ ಪಟ್ಟಿ ಬಿಚ್ಚಿದರು.

ಹಾಲು ಬೆಳ್ಳಗಿದೆ. ಗೋಡೆ ಬೆಳ್ಳಗಿದೆ. ತಂಗಿ ಒಗೆದ ಶರ್ಟು ತಂತಿ ಮೇಲೆ ನೇತಾಡ್ತಿತ್ತು, ಬಿಸಿಲಿಗೆ ಕಣ್ಣು ಕುಕ್ಕೋ ಹಾಗೆ ಬೆಳ್ಳಗೆ. ನೋಡದವನ ಹಾಗೆ ಒಳಗೆ ಬಂದೆ. ಹಾಲಿನವನು ಬಂದಾಗಲೂ ಒಳಗೇ ಇದ್ದೆ.

ಬಲಗಣ್ಣು ಮುಚ್ಚಿದರೆ ಲೋಕ ಚಹಾದಲ್ಲಿ ಅದ್ದಿದ ಹಾಗೆ. ಎಡಗಣ್ಣು ಮುಚ್ಚಿದರೆ ತೊಳೆದಿಟ್ಟ ಹಾಗೆ. ಬೆಳಗಿನಿಂದ ಇದನ್ನೇ ಮಾಡ್ತಾ ಕೂತಿದ್ದೀನಿ, ಹುಚ್ಚನ ಥರ.

ಎಲ್ಲ ಒಳ್ಳೇದೇ ಕಾಣುತ್ತೆ ಅಂತೇನಿಲ್ಲ. ಮೂಲೆಯಲ್ಲಿ ಜೇಡರ ಬಲೆ, ಫ್ಯಾನಿನ ಮೇಲೆ ಮಸಿ, ಕನ್ನಡಿಯಲ್ಲಿ ನನ್ನ ಮೂಗಿನ ಮೇಲಿನ ಒಂದೊಂದು ತೂತು. ಮುದಿಯಾಗಿದ್ದೀನಿ. ನನ್ನ ಹಲ್ಲು ಯಜಮಾನನ ಹಲ್ಲಿಗಿಂತ ಕಡೆ.

ಗೋಡೆಗೆ ಒರಗಿಸಿದ್ದ ಫೋಟೋ ತಿರುಗಿಸಿ ನೋಡಿದೆ. ತಂಗಿ ಹೇಳಿದ್ದು ನಿಜ. ತುಟಿ ನೀಲಿ, ಉಗುರು ನೀಲಿ. ಹೆಣ. ಅದನ್ನ ಮೊಳೆಗೆ ನೇತುಹಾಕಿ, ಚೆನ್ನಾಗಿದೆ ಅಂತ ಕೈಕಟ್ಟಿ ನಿಂತಿದ್ದವನು ನಾನು. ಮತ್ತೆ ಗೋಡೆಗೆ ಮುಖ ಮಾಡಿಟ್ಟೆ.

ಏಪ್ರಿಲ್ ೧೫, ಸೋಮವಾರ

ಕೆಲಸಕ್ಕೆ ಹೋದೆ. ನಾನು ಹಾಕಿದ ಹಳೇ ಪ್ರಿಂಟುಗಳನ್ನ ಒಂದೊಂದಾಗಿ ಬೂತಿನಲ್ಲಿಟ್ಟು ನೋಡಿದೆ. ಮದುವೆ ಹೆಣ್ಣುಗಳು, ಕೂಸುಗಳು, ಬೆಳ್ಳಕ್ಕಿಗಳು, ಎಲ್ಲರಿಗೂ ಚಳಿ ಹಿಡಿದಿದೆ. ಸ್ವಲ್ಪ ಬೆಳ್ಳಗೆ ಮಾಡಿಕೊಡಿ ಅಂತ ಬಂದವರನ್ನ ಬೈದು ಕಳಿಸ್ತಿದ್ದೆ. ಮೈಬಣ್ಣ ಮುಟ್ಟೋನಲ್ಲ ನಾನು ಅಂತಿದ್ದೆ. ಊರೆಲ್ಲರ ಮೈಬಣ್ಣಕ್ಕೂ ನೀಲಿ ಬಳಿದು ಕೂತಿದ್ದೀನಿ.

ಸೊಸೆ ಒಂದು ಕೊಂಕು ಮಾತಾಡಲಿಲ್ಲ. ಅದೇ ಹೆಚ್ಚು ಚುಚ್ಚಿತು. ಬೂದು ಕೋಟು ಹಾಕ್ಕೊಂಡು ಬಂದು, "ಮೀಟರು ಇಡ್ಲಾ ಮೇಷ್ಟ್ರೇ?" ಅಂತ ಕೇಳಿದಳು. ಇಷ್ಟು ದಿನ ತನ್ನ ಪರದೆಯಲ್ಲೇ ಕೆಲಸ ಮಾಡಿ, ನನ್ನದನ್ನ ಹಾಗೇ ಬಿಟ್ಟಿದ್ದಳು. ಇಡು ಅಂದೆ. ಅದು ಕೆಲಸ ಮುಗಿಸೋವರೆಗೂ ಇಬ್ಬರೂ ಪರದೆ ನೋಡ್ತಾ ಕೂತಿದ್ದೆವು. ನೀಲಿ ಇಳೀತಾ ಇಳೀತಾ ಮಾನಿಟರಿನ ಬಿಳಿ ಪೇಪರಿನ ಬಿಳಿಗೆ ಬಂದು ನಿಂತಿತು. ಆಕೆ ಕೆಲಸ ಅಚ್ಚುಕಟ್ಟು. ಹೇಳಬೇಕಾದ್ದು ಹೇಳಬೇಕು.

ಎಡಗಣ್ಣಿಗೆ ಕಪ್ಪು ಕಾಗದ ಅಂಟಿಸಿಕೊಂಡು ಕೆಲಸ ಮಾಡ್ತೀನಿ. ಕಡಲ್ಗಳ್ಳನ ಹಾಗಿದ್ದೀನಿ ಅಂತ ಡ್ರೈವರು ಅಂದ. ನಗಲಿ.

ಏಪ್ರಿಲ್ ೧೬, ಮಂಗಳವಾರ

ಅವಳ ಪ್ರಿಂಟು ಹಾಕಿದೆ.

ಮುಖ ಬಂತು. ಒಲೆಯಿಂದ ಇಳಿಸಿದ ಮಣ್ಣಿನ ಮಡಕೆ ಬಣ್ಣ ಅವಳದು, ಕೆನ್ನೆ ಹತ್ತಿರ ಸ್ವಲ್ಪ ಕೆಂಪು ಮಿಶ್ರ. ಅದೇ ಬಂತು. ಶಾಲು ಬಂತು. ಬಾಗಿಲಿನ ಮರದ ಬಣ್ಣ ಬಂತು. ಬೂತಿನಿಂದ ಕಿಟಕಿಗೆ ಒಯ್ದು ನೋಡಿದೆ, ಅಲ್ಲೂ ಸರಿ. ನನ್ನ ಶರ್ಟು ಮಾತ್ರ ನೀಲಿ. ಸಣ್ಣಪುಟ್ಟ ನೀಲಿ ಅಲ್ಲ, ಆಕಾಶ.

ಶರ್ಟು ಬಿಳಿ ಅಂತ ನನಗೆ ಗೊತ್ತಲ್ಲ. ಗೊತ್ತಿರೋ ಬಿಳಿಯನ್ನ ಬಿಳಿ ಮಾಡಿದರೆ ಉಳಿದದ್ದೆಲ್ಲ ತಾನೇ ಸರಿಹೋಗುತ್ತೆ, ಇದು ನಮ್ಮ ಕೆಲಸದ ಮೊದಲ ಪಾಠ. ಶರ್ಟಿನ ಮೇಲೆ ಗುರುತಿಟ್ಟು ಅದನ್ನ ಬಿಳಿ ಮಾಡಿದೆ. ಶರ್ಟು ಬೆಳ್ಳಗಾಯಿತು, ಅವಳಿಗೆ ಕಾಮಾಲೆ ಬಂತು. ಮುಖ, ಕೈ, ಕಣ್ಣಿನ ಬಿಳಿ, ಎಲ್ಲ ಹಳದಿ. ಮುಖ ಸರಿ ಮಾಡಿದರೆ ಶರ್ಟು ನೀಲಿ. ಶರ್ಟು ಸರಿ ಮಾಡಿದರೆ ಮುಖ ಹಳದಿ. ಒಂದೇ ಬಾಗಿಲಲ್ಲಿ ಒಂದೇ ಬೆಳಕಲ್ಲಿ ನಿಂತ ಇಬ್ಬರು ಹೀಗೆ ಬೇರೆ ಬೇರೆ ಆಗೋಕೆ ಹೇಗೆ ಸಾಧ್ಯ. ಮಧ್ಯಾಹ್ನವೆಲ್ಲ ಹೆಣಗಾಡಿದೆ. ಕೊನೆಗೆ ನಾಚಿಕೆ ಬಿಟ್ಟು ಸೊಸೆಯನ್ನೇ ಕರೆದೆ.

"ಫೈಲು ಕೆಟ್ಟಿದೆಯಾ ನೋಡಮ್ಮ."

ಆಕೆ ನೋಡಿದಳು. ಮೀಟರು ತೆಗೆಯಲೂ ಇಲ್ಲ. "ಫೈಲು ಸರಿ ಇದೆ ಮೇಷ್ಟ್ರೇ. ಶರ್ಟೇ ಆ ಬಣ್ಣ."

"ನಾನು ಬಿಳಿ ಬಿಟ್ಟು ಬೇರೆ ಹಾಕೋನಲ್ಲ."

ಆಕೆ ಪರದೆ ಬಿಟ್ಟು ನನ್ನ ಕಡೆ ತಿರುಗಿದಳು. "ನಾನು ಮದುವೆಯಾಗಿ ಇಲ್ಲಿಗೆ ಬಂದಾಗಿಂದ ನೀವು ಹಾಕ್ತಿದ್ದದ್ದು ನೀಲಿ ಶರ್ಟೇ. ನಿಮ್ಮನೆ ಅಮ್ಮ ಹೋದಮೇಲೆ ಬಿಳಿ ಆಯ್ತು. ಇಲ್ಲಿ ಎಲ್ಲರಿಗೂ ಗೊತ್ತು."

ನೀಲಿ ಮೇಷ್ಟ್ರು ಅಂದರೆ ಇದು.

ಮನೆಗೆ ಬಂದು ಚಪ್ಪಲಿ ಬಿಡದೆ ಬೀರು ತೆಗೆದೆ. ಕೆಳಗಿನ ಹಲಗೆ ಮೇಲೆ ಅವಳು ಮಡಚಿಟ್ಟ ಶರ್ಟುಗಳು. ಎಲ್ಲಾ ನೀಲಿ. ಮೇಲಿಂದ ಕೆಳಗಿನವರೆಗೂ ಒಂದೇ ಸಮ ನೀಲಿ, ಒಂದರಲ್ಲೂ ಕಲೆ ಇಲ್ಲ, ತೇಪೆ ಇಲ್ಲ. ಬಲಗಣ್ಣು ಮುಚ್ಚಿದೆ. ಬೆಳ್ಳಗಾದವು. ನಾನು ನೋಡಿದ ಬಿಳಿ. ತೆರೆದೆ. ನೀಲಿ.

ತಂಗಿ ಹಿಂದೆ ಬಂದು ನಿಂತಿದ್ದಳು.

"ನೀನು ಶರ್ಟು ಹಳದಿ ಹಳದಿ ಅಂತ ಅವರ ಮುಖದ ಮೇಲೆ ಎಸೀತಿದ್ದೆಯಲ್ಲ, ಅದಕ್ಕೆ" ಅಂದಳು. "ಮೊದಮೊದಲು ಎರಡು ಸಲ ಒಗೀತಿದ್ರು. ಆಮೇಲೆ ಬಕೆಟ್ಟಿಗೆ ನೀಲಿ ಜಾಸ್ತಿ ಹಾಕೋಕೆ ಶುರು ಮಾಡಿದ್ರು. ನೀನು ಇನ್ನೂ ಹಳದಿ ಅಂದರೆ ಇನ್ನೊಂದು ಚೂರು. ಒಂದು ದಿನ ನೀನು, ಈಗ ಬಿಳಿ ಬಂತು ನೋಡು, ಅಂದೆಯಂತೆ. ಅಲ್ಲಿಗೆ ನಿಲ್ಲಿಸಿದ್ರು. ನಾನು ಬಂದಾಗ ಕೇಳಿದೆ, ಅತ್ತಿಗೆ ಇದೇನು ಅವತಾರ, ಜನ ನಗಲ್ವಾ ಅಂತ. ಜನ ನೋಡೋಕಾ ನಾನು ಒಗೆಯೋದು, ಅವರ ಕಣ್ಣಿಗೆ ಬೆಳ್ಳಗೆ ಕಂಡರೆ ಸಾಕು ಅಂದ್ರು."

"ನನಗೆ ಯಾಕೆ ಹೇಳಲಿಲ್ಲ?"

"ಕಣ್ಣು ತೋರಿಸ್ಕೋ ಅಂದಿದ್ದಕ್ಕೆ ನೀನು ಒಂದು ವಾರ ಮಾತು ಬಿಟ್ಟೆ. ಬಣ್ಣ ನೋಡೋ ಕಣ್ಣಿದು, ಇದಕ್ಕೆ ಹೆಸರಿಡ್ತೀಯಾ ಅಂದೆ. ಆಮೇಲೆ ಇನ್ನೇನು ಹೇಳ್ತಾರೆ."

ಬೂತಿಲ್ಲ, ಮೀಟರಿಲ್ಲ. ಬಚ್ಚಲಲ್ಲಿ ಒಂದು ಬಕೆಟ್ಟು ಇಟ್ಟುಕೊಂಡು, ನನ್ನ ಕಣ್ಣಿಗೆ ಸರಿಹೊಂದೋವರೆಗೂ ಹದ ಮಾಡಿದ್ದಾಳೆ. ನಾನು ಅವಳ ಮುಖವನ್ನ ಹೊಂದಿಸೋಕೆ ಎಷ್ಟು ಪೇಪರು ಹರಿದೆ. ಥೂ ನನ್ನ ಜನ್ಮಕ್ಕೆ.

ಏಪ್ರಿಲ್ ೨೧, ಭಾನುವಾರ

ಫೋಟೋ ಗೋಡೆ ಏರಿತು. ಅವಳ ಮುಖ ಹೇಗಿತ್ತೋ ಹಾಗೆ, ನನ್ನ ಶರ್ಟು ಹೇಗಿತ್ತೋ ಹಾಗೆ. ತಂಗಿ ತುಂಬಾ ಹೊತ್ತು ನೋಡಿದಳು, ಇವರು ಅತ್ತಿಗೆ ಅಂದಳು. ಮಧ್ಯಾಹ್ನ ಅದರ ಕೆಳಗೇ ಕೂತು ಇಬ್ಬರೂ ಊಟ ಮಾಡಿದೆವು.

ಊಟ ಆದಮೇಲೆ ಬಕೆಟ್ಟು, ನೀಲಿ ಬಾಟಲಿ, ತಂಗಿ ಒಗೆದ ಒಂದು ಶರ್ಟು ತಗೊಂಡು ಹಿತ್ತಲಿಗೆ ಹೋದೆ. ಬೀರುವಿನಿಂದ ಅವಳದೊಂದನ್ನ ತಂದು ನೆರಳಲ್ಲಿ ಕುರ್ಚಿ ಮೇಲೆ ಹರಡಿದೆ. ತಂಗಿ ತಾನು ಹಾಕ್ತೀನಿ ಅಂತ ಬಂದು ಬಾಟಲಿ ಬಗ್ಗಿಸಿದಳು. ಸಾಲದು. ನೀಲಿ ಹಾಕೋಕೂ ಬರಲ್ಲ ಈ ಹೆಂಗಸಿಗೆ. ಬಾಟಲಿ ಕಿತ್ಕೊಂಡು ನಾನೇ ಹಾಕಿದೆ, ಜಾಸ್ತಿ ಆಯಿತು. ನೀರು ಚೆಲ್ಲಿ ಮತ್ತೆ ಶುರು ಮಾಡಿದೆ. ಒದ್ದೆ ಬಟ್ಟೆ ಗಾಢ ಕಾಣುತ್ತೆ, ಒಣಗಿದ ಮೇಲೆ ತಿಳಿಯಾಗುತ್ತೆ, ಅದನ್ನೂ ಲೆಕ್ಕ ಹಿಡೀಬೇಕು. ಅವಳು ಅದನ್ನೆಲ್ಲ ಯಾವಾಗ ಕಲಿತಳೋ. ಸಂಜೆ ಹೊತ್ತಿಗೆ ತಂತಿ ಮೇಲೆ ಎರಡನ್ನೂ ಪಕ್ಕಪಕ್ಕ ಹಾಕಿ ನೋಡಿದೆ. ಹೊಂದಿತು.

ಎಡಗಣ್ಣು ಮುಂದಿನ ತಿಂಗಳು ಮಾಡಿಸೋಣ ಅಂತ ಡಾಕ್ಟರು ಹೇಳಿ ಕಳಿಸಿದ್ದಾರೆ. ಅವಸರ ಇಲ್ಲ ಅಂದೆ.

ಏಪ್ರಿಲ್ ೨೨, ಸೋಮವಾರ

ಆ ಶರ್ಟು ಹಾಕ್ಕೊಂಡೇ ಕೆಲಸಕ್ಕೆ ಹೋದೆ. ಡ್ರೈವರು ನೋಡಿ ಮುಖ ತಿರುಗಿಸಿಕೊಂಡ. ನಗು ತಡೆಯೋಕೆ ಇರಬೇಕು, ಹಾಳಾದವನು.

ಬೂತ್ ಕೋಣೆ ಬಾಗಿಲಲ್ಲಿ ಸೊಸೆ ಅಡ್ಡ ನಿಂತಿದ್ದಳು. ನನ್ನ ಶರ್ಟು ನೋಡಿದಳು, ಬಾಗಿಲ ಮೇಲಿನ ಬರಹ ನೋಡಿದಳು. "ಬಣ್ಣದ ಬಟ್ಟೆ ಒಳಗೆ ಬರಬಾರದು ಮೇಷ್ಟ್ರೇ. ನಿಮ್ಮದೇ ಕಾನೂನು."

"ಇದು ಬಿಳಿ ಶರ್ಟಮ್ಮ" ಅಂದೆ. "ನನ್ನ ಹೆಂಡತಿ ಒಗೆಯೋ ಬಿಳಿ."

ಆಕೆ ಮೊಳೆಯಿಂದ ಬೂದು ಕೋಟು ತೆಗೆದು ನನ್ನ ಕಡೆ ಹಿಡಿದಳು. ಹಾಕ್ಕೊಂಡು ಕುತ್ತಿಗೆವರೆಗೂ ಗುಂಡಿ ಹಾಕಿ ಒಳಗೆ ಹೋದೆ. ಹಲ್ಲಿನ ಡಾಕ್ಟರ ಬೆಳ್ಳಕ್ಕಿಗಳನ್ನ ಮೊದಲಿಂದ ಹಾಕಬೇಕಿತ್ತು, ಅವುಗಳ ಮೇಲೆ ನನ್ನ ಶರ್ಟಿನ ಬಣ್ಣ ಬೀಳಬಾರದು.